ಕಾಫಿಪುಡಿ ಡಬ್ಬಿಯ ಹಿಂದೆ

ಕಾಫಿಪುಡಿ ಡಬ್ಬಿಯ ಹಿಂದೆ ಸಿಕ್ಕಿದ ಬಾಟಲಿಯಲ್ಲಿರುವುದು ಥೈರಾಯ್ಡ್ ಮಾತ್ರೆ ಎಂದು ಔಷಧಿ ಅಂಗಡಿಯವನು ಹೇಳಿದ್ದೇ ತಡ, ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ನೇರ ಅಡುಗೆಮನೆಗೆ ಬಂದು, ದೋಸೆ ಹುಯ್ಯುತ್ತಿದ್ದ ಸೊಸೆಯ ಮುಖಕ್ಕೆ ಬಾಟಲಿ ಹಿಡಿದರು.

“ಕಾಯಿಲೆ ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟಿದ್ರಲ್ಲ ನಿಮ್ಮಪ್ಪ.”

“ಅದು ನಂದಲ್ಲ ಅತ್ತೆ. ಥೈರಾಯ್ಡ್ ಕಮ್ಮಿ ಇರೋ ಬಸುರೀರಿಗೆ ಮಗು ಚೆನ್ನಾಗಿರ್ಲಿ ಅಂತ ಡಾಕ್ಟ್ರು ಕೊಡ್ತಾರೆ.”

“ನಿಂದಲ್ಲ, ಆದ್ರೆ ಎಲ್ಲಾ ಗೊತ್ತು. ಇದನ್ನ ನುಂಗೋರ ಹೊಟ್ಟೇಲಿ ಪೆದ್ದು ಹುಟ್ಟತ್ತೆ. ಅಂಥ ಮಗೂನ ನಾನು ಕೈಯಲ್ಲೂ ಮುಟ್ಟಲ್ಲ, ತಿಳ್ಕೊ.”

ಸೊಸೆ ಬಾಗಿಲ ಕಡೆ ನೋಡಿದಳು. ಬಾಣಂತನಕ್ಕೆಂದು ಮೊನ್ನೆಯಷ್ಟೇ ತವರಿಗೆ ಬಂದಿದ್ದ ಅತ್ತೆಯ ಮಗಳು ಅಲ್ಲಿ ನಿಂತಿದ್ದಳು. ಒಂದು ಕೈ ತುಂಬಿದ ಹೊಟ್ಟೆಯ ಮೇಲಿತ್ತು, ಇನ್ನೊಂದನ್ನು ತಾಯಿಯ ಮುಂದೆ ಚಾಚಿದಳು.

“ಕೊಡಮ್ಮ ಇಲ್ಲಿ. ಇವತ್ತಿಂದು ಇನ್ನೂ ನುಂಗಿಲ್ಲ.”