ಸೆರಗಿನ ಗಂಟು

"ಸಣ್ಣಾಂವ ಇದ್ದಾಗ ನಿಮ್ಮ ಮಗಾ ಸಾಮಾನು ಕಳಕೋತಿದ್ನೇನವ್ವಾ?" ಬಾಗಲಕೋಟೆಯ ಮನೋವೈದ್ಯರು ಕೇಳಿದರು. ಗಮನ ನಿಲ್ಲದ ಈ ತೊಂದರೆ ಚಿಕ್ಕಂದಿನಿಂದಲೇ ಇರಬೇಕು, ಅದಕ್ಕೆ ತಾಯಿಯೇ ಸಾಕ್ಷಿ ಎಂದು ಅವರು ಹೇಳಿದ್ದರಿಂದಲೇ ನಲವತ್ತರ ಸಂಗನಬಸು ಇಳಕಲ್ಲಿನಿಂದ ಅವ್ವನನ್ನು ಕರೆತಂದಿದ್ದ.

"ಇಲ್ರೀ ಸಾಹೇಬ್ರ! ಒಂದ್ ಬಳಪಾನೂ ಕಳದಾಂವಲ್ಲ. ಭಾಳ ಶ್ಯಾಣ್ಯಾ" ಎಂದಳು ನೀಲವ್ವ.

ವೈದ್ಯರು ಪೆನ್ನಿನ ಮುಚ್ಚಳ ಹಾಕಿ ಸಂಗನಬಸುವಿನತ್ತ ತಿರುಗಿದರು. "ಹಂಗಾರ ನಿಮಗೇನೂ ಇಲ್ಲ ಬಿಡ್ರಿ."

ಸಂಗನಬಸು ಹಲ್ಲು ಕಚ್ಚಿದ. ಕೈತಪ್ಪಿದ ನೌಕರಿಗಳು, ತಿಂದ ಬೈಗುಳ, ಎಲ್ಲ ಸುಳ್ಳೇ? ಅಷ್ಟರಲ್ಲಿ ಅವ್ವ ಮೇಜಿನ ಕೆಳಗೆ ಸೆರಗಿನ ಗಂಟು ಬಿಚ್ಚತೊಡಗಿದಳು.

"ತಗೋ, ಮನಿ ಕೀಲಿ. ಬಸ್ಸಿನ್ಯಾಗ ಬಿಟ್ಟು ಇಳದಿದ್ದಿ" ಎಂದು ಪಿಸುಗುಟ್ಟಿದಳು. "ಸಾಲಿಗೆ ಹೋಗುವಾಗಿಂದ ಹಿಂಗ ನಿನ್ನ ಹಿಂದ ಆರಿಸ್ಕೋತನ ಬಂದೇನಿ."

ಅವನು ಆ ಕೈಯನ್ನು ಗಂಟಿನ ಸಮೇತ ಎತ್ತಿ ಮೇಜಿನ ಮೇಲಿಟ್ಟ.

"ಯವ್ವಾ, ಇಲ್ಲಿ ಬಿಚ್ಚಬೇ. ಸಾಹೇಬ್ರ ಮುಂದ!"