ಅರ್ಧಕ್ಕಿಳಿದ ಬಾವುಟ

“ಆ ಬಾವುಟ ಇಳಿಸಿದ್ದು ಯಾರು?” ಎಂದು ವರದಿಗಾಗಿ ಬಂದಿದ್ದ ಲೋರ್ನಾ ಕೇಳಿದಾಗ ಪಕ್ಕದ ಮನೆಯ ಮುದುಕ ಆರ್ವಿಲ್ ಮುಖ ತಿರುಗಿಸಿದ. ಬಾವುಟದ ಕಂಬವಿದ್ದದ್ದು, ಸಾಲ ತೀರಲಿಲ್ಲವೆಂದು ಬ್ಯಾಂಕಿನವರು ಬೀಗ ಜಡಿದು ಏಳು ತಿಂಗಳಾಗಿದ್ದ ಮನೆಯ ಅಂಗಳದಲ್ಲಿ. ಮಡಿದ ಸೈನಿಕರನ್ನು ನೆನೆಯುವ ಈ ರಜಾದಿನ ಬಾವುಟವನ್ನು ಅರ್ಧಕ್ಕಿಳಿಸಿ, ಮಧ್ಯಾಹ್ನ ಹನ್ನೆರಡಕ್ಕೆ ತುದಿಗೇರಿಸುವುದು ರೂಢಿ.

“ಈ ಮನೆಯ ಡೆಲ್ಬರ್ಟ್ ಇದ್ದಾಗ ಅವನೇ ಮಾಡ್ತಿದ್ದ, ಅವನೂ ಸೈನ್ಯದಲ್ಲಿದ್ದೋನು. ಬೀಗ ಬಿದ್ದ ವಾರದಲ್ಲೇ ತೀರ್ಕೊಂಡ. ನಾವ್ಯಾರೂ ಮುಟ್ಟಿಲ್ಲ ಕಣಮ್ಮಾ. ಗೃಹಸಾಲದ ಸುದ್ದಿ ಬರೆಯೋಳು ನೀನೇ ಅಲ್ವಾ? ಮಾಜಿ ಸೈನಿಕರ ಮನೆ ಉಳಿಸೋ ಮಸೂದೆ ಬರೀ ದಂಡ ಅಂತ ನೀನು ಬರೆದಿದ್ದೆ. ಡೆಲ್ಬರ್ಟ್ ಅದನ್ನ ನಂಗೆ ಓದಿ ಹೇಳಿದ್ದ.”

ಸಾಲ ಕೊಡುವವರು ದಿನಾ ಬೆಳಗ್ಗೆ ಓದುವ ಪತ್ರಿಕೆ ಅವಳದು. ಸಾಲಗಾರರೂ ಓದುತ್ತಾರೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಚರ್ಚಿನ ಗಂಟೆ ಹನ್ನೆರಡು ಬಾರಿಸಿತು. ಗಾಳಿಯಿರಲಿಲ್ಲ. ಕಂಬದ ಹಗ್ಗ ತಾನಾಗಿ ಜಗ್ಗಿತು. ಬಾವುಟ ಒಂದು ಗೇಣು ಏರಿ, ಸಿಕ್ಕಿಕೊಂಡು ನಿಂತಿತು. ಆರ್ವಿಲ್ ಒಳಹೋಗಿ ಬಾಗಿಲು ಹಾಕಿಕೊಂಡ. ಹಗ್ಗ ಮತ್ತೆ ಮತ್ತೆ ಜಗ್ಗುತ್ತಲೇ ಇತ್ತು. ಲೋರ್ನಾಳಿಗೆ ನೋಡಲಾಗಲಿಲ್ಲ. ಬೇಲಿ ದಾಟಿ ಹೋಗಿ, ಹಗ್ಗ ಹಿಡಿದೆಳೆದಳು. ಅವಳ ಮುಷ್ಟಿಯ ಮೇಲೆ ತಣ್ಣಗಿನ, ಒರಟಾದ ಇನ್ನೊಂದು ಮುಷ್ಟಿ ಕೂತಿತು. ಇಬ್ಬರೂ ಸೇರಿ ಎಳೆದರು. ಬಾವುಟ ತುದಿ ಮುಟ್ಟಿದ ಮೇಲೂ ಆ ಹಿಡಿತ ಸಡಿಲಲಿಲ್ಲ.