ಖಾಲಿ ಲಾಳಿ

ಬೆಳಿಗ್ಗೆ ಎಂಟರಿಂದ ನೇತ್ರಾಳ ಮಗ್ಗ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಸೀರೆ ಮಾತ್ರ ಒಂದು ಬೆರಳೂ ಬೆಳೆದಿರಲಿಲ್ಲ. ಲಾಳಿಯೊಳಗಿನ ನೂಲನ್ನು ಅವಳೇ ತೆಗೆದು ಪಕ್ಕಕ್ಕಿಟ್ಟಿದ್ದಳು. ನೇಯಲು ಹೋದರೆ ಎಳೆ ಎಳೆಗೂ ತಪ್ಪು. ಸುಮ್ಮನೆ ಕೂತರೆ ಓಣಿಗೆಲ್ಲ ಸುದ್ದಿ. ಗಜೇಂದ್ರಗಡದ ಆ ಓಣಿಯಲ್ಲಿ ಮಗ್ಗ ನಿಂತರೆ ಕಿಟಕಿಯಲ್ಲಿ ನಾಲ್ಕು ಮುಖ ಮೂಡುತ್ತಿದ್ದವು. ‘ಯಾಕವಾ, ಆರಾಮಿಲ್ಲೇನ?’ ಎಂದು ಶುರುವಾದ ವಿಚಾರಣೆ ಮಾಲತೇಶನ ಹೆಸರು ಬರುವ ತನಕ ಬಿಡುತ್ತಿರಲಿಲ್ಲ. ಹಾಗಾಗಿ ಖಾಲಿ ಲಾಳಿಯೇ ಅತ್ತಿಂದಿತ್ತ ಓಡುತ್ತಿತ್ತು.

ಮಾಲತೇಶ ಎರಡು ವರ್ಷದಿಂದ ಅವಳನ್ನೇ ಮದುವೆಯಾಗುತ್ತೇನೆ ಎಂದವನು. ಮೊನ್ನೆ ಬಸ್ ಸ್ಟ್ಯಾಂಡಿನ ಎದುರು ಕೂತು, ಬಿಸಿ ಮಿರ್ಚಿ ಭಜಿ ಬಿಡಿಸಿ, ಬೀಜ ತೆಗೆದು, ಊದಿ ಊದಿ ಪಕ್ಕದ ಓಣಿಯ ಉಮಾಳ ಬಾಯಿಗಿಡುತ್ತಿದ್ದ. ಬೀಜ ತೆಗೆಯುವುದೂ ಊದುವುದೂ ತನಗೊಬ್ಬಳಿಗೇ ಎಂದು ನೇತ್ರಾ ತಿಳಿದಿದ್ದಳು. ಅಲ್ಲೇ ನಿಂತು ‘ಮುಗೀತು’ ಎಂದು ಬಂದಳು. ಮುಗಿಯದ್ದು ಫೋನು. ತೊಡೆಯ ಪಕ್ಕದಲ್ಲಿ ಅದು ಮತ್ತೆ ಗುಂಯ್ ಎಂದಿತು.

“ಹೊಡಿ, ಹೊಡಿ. ನಿಲ್ಲಿಸಬ್ಯಾಡ.” ಚಹಾ ತಂದ ಅವ್ವ ವಿಜಯಲಕ್ಷ್ಮಿ ಖಾಲಿ ಲಾಳಿಯನ್ನು ನೋಡುತ್ತ ಪಕ್ಕದಲ್ಲೇ ಕೂತಳು. “ಏನಂತಾನ ಅಂವ?”

“ಒಂದ್ ಸಲ ತಪ್ಪಾಗೇತಿ ಅಂತಾನ.”

ಅವ್ವ ಕುತ್ತಿಗೆ ವಾಲಿಸಿ, ಗಂಡುದನಿ ಎಳೆದಳು. “‘ಅಕಿ ಸುಮ್ನ ಪರಿಚಯ. ನಿನ್ನ ಬಿಟ್ರ ನನಗ ಯಾರದಾರ?’ ಹಿಂಗ ಅಂದಿರಬೇಕಲಾ?”

ಒಂದಕ್ಷರ ಹೆಚ್ಚುಕಡಿಮೆಯಿರಲಿಲ್ಲ. “ನನ್ನ ಫೋನ್ ನೋಡೀಯೇನ?”

“ಫೋನ್ ಯಾಕ ಬೇಕ? ಇದು ನಿಮ್ಮಪ್ಪನ ಮಾತು.”

ಹೊರಗೆ ಕಟ್ಟೆಯ ಮೇಲೆ ಅಪ್ಪ ಕಳಕಪ್ಪ ಪಕ್ಕದ ಮನೆಯ ಸಿದ್ದಾರೂಢನಿಗೆ ಹೇಳುತ್ತಿದ್ದ: “ಮಗಳ ಮಗ್ಗದ ಸಪ್ಪಳ ಕೇಳಿದ್ರೇನ್ರಿ? ಥೇಟ್ ಅವರವ್ವ. ಏನರ ಆಗ್ಲಿ, ಮಗ್ಗ ನಿಲ್ಲಂಗಿಲ್ಲ.”

ಅವ್ವ ಬಾಗಿಲ ಕಡೆ ನೋಡಲಿಲ್ಲ. “ನೀ ಆಗ ತೊಟ್ಟಲದಾಗ ಇದ್ದಿ. ಸೀರಿ ಮಾರಾಕ ಅಂತ ನಿಮ್ಮಪ್ಪ ಸೂಡಿಗೆ ಹೋಗಿ ವಾರಗಟ್ಟಲೆ ಇನ್ನೊಬ್ಬಾಕಿ ಮನ್ಯಾಗ ಇರ್ತಿದ್ದ. ನನ್ನ ಮಗ್ಗ ಒಂದಿನಾನೂ ನಿಂದರಲಿಲ್ಲ. ಆದ್ರ ವರ್ಷಕ್ಕ ಮಗ್ಗದಿಂದ ಇಳದದ್ದು ಬರೇ ಎರಡ ಸೀರಿ.”

“ಮತ್ತ ಅಪ್ಪನ್ನ ಯಾಕ ಮನ್ಯಾಗ ಕರಕೊಂಡಿ?”

“ಓಣ್ಯಾಗ ಯಾರಿಗೂ ಗೊತ್ತಾಗಿರಲಿಲ್ಲಲಾ,” ಎಂದಳು ಅವ್ವ. ಹೇಳಿದ ಮೇಲೆ ಆ ಮಾತು ತನಗೇ ಹೊಸದೆಂಬಂತೆ ಚಹಾದ ಲೋಟ ನೆಲಕ್ಕಿಟ್ಟಳು.

ಫೋನು ಮತ್ತೆ ಗುಂಯ್ ಎಂದಿತು. ನೇತ್ರಾ ಲಾಳಿಯ ಹಗ್ಗ ಬಿಟ್ಟು, ಫೋನು ಆಫ್ ಮಾಡಿ, ಕೈಕಟ್ಟಿ ಕೂತಳು. ಮಗ್ಗ ನಿಂತಿತು. ಕಟ್ಟೆಯ ಮಾತೂ ನಿಂತಿತು. ಎದುರುಮನೆಯ ಕಿಟಕಿ ಕಿರ್ರೆಂದಿತು.

ಕಳಕಪ್ಪ ಬಾಗಿಲಿಗೆ ಬಂದ. “ಯಾಕ? ಯಾಕ ನಿಂತ್ತು?”

ನೇತ್ರಾ ಬಾಯಿ ತೆರೆಯುವಷ್ಟರಲ್ಲಿ ಅವ್ವ ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

“ಬರ್ರಿ, ಒಳಗ ಬಂದು ಕುಂದರ್ರಿ,” ಎಂದಳು ಗಂಡನಿಗೆ. “ಇಪ್ಪತ್ತ ವರ್ಷದ ಹಿಂದ ನಿಂದರಬೇಕಾಗಿತ್ತು. ಇವತ್ತ ನಿಂತೈತಿ.”